ಸಾರುವೆ ಏರುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದ್ದು ಕಟ್ಟಿಸುವವನ ಕಷ್ಟವನ್ನು ನೆನೆದು. ಸಾಲ ಸೋಲ, ಮರಳಿನ ಬೆಲೆ, ಹೇಳಿದ ದಿನ ಬಾರದ ಮೇಸ್ತ್ರಿ, ಎಲ್ಲವೂ ಆ ಒಂದು ಗಾದೆಯಲ್ಲಿ ಅಡಗಿವೆ. ಆದರೆ ಕಟ್ಟುವವನ ಕಷ್ಟದ ಬಗ್ಗೆ ಇಷ್ಟು ಬಳಕೆಯಲ್ಲಿರುವ ಗಾದೆಯನ್ನು ನಾನಂತೂ ಕೇಳಿಲ್ಲ. ತಲೆಯ ಮೇಲೆ ಇಟ್ಟಿಗೆ ಹೊತ್ತು ಮೂರನೆಯ ಅಂತಸ್ತಿಗೆ ಏರುವ ಹೆಣ್ಣಾಳು, ಒಂದು ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕರಣೆ ಆಡಿಸುವ ಗಾರೆಯವ, ಇವರೆಲ್ಲ ಸಂಜೆ ಕ್ಷೇಮವಾಗಿ ಮನೆ ಸೇರುವುದು ಯಾರ ಹೊಣೆ? ಮೂವತ್ತು ವರ್ಷ ಕಟ್ಟಡದ ಕೆಲಸದಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದ ನನ್ನನ್ನು ಈಗಲೂ ಕಾಡುವ ಪ್ರಶ್ನೆ ಇದು.

ನಾನು ಈ ಕಸುಬಿಗೆ ಬಂದದ್ದು ಪುಸ್ತಕದ ದಾರಿಯಿಂದಲ್ಲ. ನಮ್ಮ ತಂದೆ ಗಾರೆ ಕೆಲಸದವರು. ನಾನು ಎಂಟನೆಯ ತರಗತಿಯಲ್ಲಿದ್ದಾಗ ಸಾರುವೆಯ ಕಟ್ಟು ಕಳಚಿ ಹದಿನಾಲ್ಕು ಅಡಿ ಎತ್ತರದಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕೆಲಸ ಮಾಡಿಸುತ್ತಿದ್ದವರು ಆಸ್ಪತ್ರೆಯ ಖರ್ಚು ಕೊಟ್ಟು, ಎರಡು ವಾರದ ಕೂಲಿ ಕೊಟ್ಟು, ಕೈ ತೊಳೆದುಕೊಂಡರು. ನೋಡಲು ಬಂದ ನೆಂಟರಿಷ್ಟರೆಲ್ಲ 'ಎಲ್ಲಾ ಹಣೆಬರಹ' ಎಂದು ನಿಟ್ಟುಸಿರು ಬಿಟ್ಟರು. ಅವರು ಹೋದ ಮೇಲೆ ತಂದೆ ನನ್ನನ್ನು ಹತ್ತಿರ ಕರೆದು, "ಹಣೆಬರಹ ಅಲ್ಲ ಮಗಾ, ಹಗ್ಗ ಹಳೇದಾಗಿತ್ತು" ಎಂದರು.

ನಾನು ಮುಂದೆ ಕಲಿತ ಸುರಕ್ಷತೆಯ ಪಾಠವೆಲ್ಲ ಆ ಒಂದು ಮಾತಿನ ವಿಸ್ತರಣೆ. ಅಪಘಾತಕ್ಕೆ ಕಾರಣ ಇರುತ್ತದೆ. ಆ ಕಾರಣ ಬಹುಪಾಲು ಸಣ್ಣದಾಗಿರುತ್ತದೆ, ಅಗ್ಗವಾಗಿರುತ್ತದೆ, ಮತ್ತು ಹಿಂದಿನ ದಿನವೇ ಕಣ್ಣಿಗೆ ಬಿದ್ದಿರುತ್ತದೆ.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಭೌತಶಾಸ್ತ್ರದ ಪುಸ್ತಕದಲ್ಲಿ ಮುಕ್ತವಾಗಿ ಬೀಳುವ ವಸ್ತುವಿನ ಸೂತ್ರ ಇದೆಯಲ್ಲ, ಅದೇ ಸಾಕು. ಒಂದು ಅಂತಸ್ತು, ಅಂದರೆ 3 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ ಅವನ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. 10 ಮೀಟರಿನಿಂದ ಬಿದ್ದರೆ ಗಂಟೆಗೆ 50 ಕಿಲೋಮೀಟರ್, ಊರ ನಡುವೆ ಓಡುವ ಬಸ್ಸಿನ ವೇಗ. ಹಿಡಿಯುವ ಸಮಯ ಒಂದೂವರೆ ಸೆಕೆಂಡಿಗೂ ಕಡಿಮೆ. ಕಾಲು ಜಾರಿದ ಮೇಲೆ 'ಹುಷಾರು' ಎಂದು ಕೂಗಿ ಮುಗಿಸುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದ ಎಚ್ಚರವೆಂಬುದೆಲ್ಲ ಜಾರುವ ಮುಂಚಿನದು: ಅಂಚಿಗೆ ಕಟಾಂಜನ, ಸಾರುವೆಗೆ ಒಂದರ ಬದಲು ಪೂರ್ತಿ ಅಗಲದ ಹಲಗೆ, ಗಟ್ಟಿಯಾದೊಂದು ಕಡೆ ಕೊಕ್ಕೆ ಹಾಕಿದ ಸೊಂಟಪಟ್ಟಿ.

ಎತ್ತರದಷ್ಟೇ ಆಳವೂ ಅಪಾಯ. ಪಾಯ ತೋಡುವಾಗ, ಒಳಚರಂಡಿಯ ಕೊಳವೆ ಹಾಕುವಾಗ ಮಣ್ಣು ಕುಸಿದು ಜನ ಸಾಯುವ ಸುದ್ದಿಯನ್ನು ನೀವು ಓದಿರುತ್ತೀರಿ. 'ಮಣ್ಣು ತಾನೇ' ಎಂಬ ಉದಾಸೀನವೇ ಅಲ್ಲಿ ಶತ್ರು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆಯ ಮಟ್ಟಕ್ಕೆ ಹೂತುಹೋದವನ ತಲೆ ಹೊರಗಿದ್ದರೂ ಉಸಿರೆಳೆಯಲು ಪಕ್ಕೆಲುಬು ಅಗಲವಾಗುವುದಿಲ್ಲ. ಒಂದೂವರೆ ಮೀಟರಿಗಿಂತ ಆಳವಾದ ಕಾಲುವೆಗೆ ಎರಡೂ ಬದಿ ಹಲಗೆಯ ಆಸರೆ ಕೊಡಬೇಕು, ಇಲ್ಲವೇ ಗೋಡೆಯನ್ನು ಇಳಿಜಾರಾಗಿ ತೋಡಬೇಕು. ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು. ಮಳೆ ಬಂದ ಮರುದಿನ ಮೇಸ್ತ್ರಿ ಮೊದಲು ಸುತ್ತ ನೋಡಿ, ಬಿರುಕು ಬಿಟ್ಟಿಲ್ಲವೆಂದು ತಿಳಿದ ಮೇಲೆ ಆಳುಗಳನ್ನು ಇಳಿಸಬೇಕು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ.

ಮೂರನೆಯದು ಸೆಂಟ್ರಿಂಗ್. ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಕೆಳಗಿನ ಆಸರೆಗಳನ್ನು ಯಾವಾಗ ತೆಗೆಯಬೇಕು ಎಂಬುದಕ್ಕೆ ಭಾರತೀಯ ಮಾನಕ 456ರಲ್ಲಿ ಸ್ಪಷ್ಟ ಲೆಕ್ಕವಿದೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ, 4.5 ಮೀಟರ್ ಅಗಲದವರೆಗಿನ ತಾರಸಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. 6 ಮೀಟರ್ ಮೀರಿದ ತೊಲೆಗಳಿಗೆ 21 ದಿನ. ಕಾಂಕ್ರೀಟು ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಸಿಮೆಂಟುಗಳ ರಾಸಾಯನಿಕ ಕ್ರಿಯೆ ವಾರಗಟ್ಟಲೆ ನಡೆಯುತ್ತಿರುತ್ತದೆ. ನಮ್ಮ ಅವಸರ ಅದಕ್ಕೆ ತಿಳಿಯದು.

ಒಮ್ಮೆ ಒಬ್ಬರ ಮನೆಯಲ್ಲಿ ಹದಿನೆಂಟು ಅಡಿ ಅಗಲದ ಹಜಾರಕ್ಕೆ ತಾರಸಿ ಹಾಕಿದ್ದೆವು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು. ಒಂಬತ್ತನೆಯ ದಿನವೇ ಆಸರೆ ತೆಗೆದು ಪ್ಲಾಸ್ಟರ್ ಶುರು ಮಾಡಿ ಎಂದು ಯಜಮಾನರು ಪಟ್ಟು ಹಿಡಿದರು. "ಪಕ್ಕದ ಮನೆಯವರು ವಾರಕ್ಕೇ ತೆಗೆದರಲ್ಲ, ಏನಾಯಿತು?" ಎಂಬುದು ಅವರ ವಾದ. ಏನೂ ಆಗಲಿಲ್ಲ ನಿಜ. ಆದರೆ ಕಣ್ಣು ಮುಚ್ಚಿಕೊಂಡು ರಸ್ತೆ ದಾಟಿದವನಿಗೂ ಕೆಲವು ಸಲ ಏನೂ ಆಗುವುದಿಲ್ಲ. ನಾನು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು, ಬೇರೆ ಎಂಜಿನಿಯರನ್ನು ಕರೆಸುತ್ತೇನೆ ಎನ್ನುವವರೆಗೂ ಹೋಯಿತು. ಕೊನೆಗೆ ಮಧ್ಯೆ ಬಂದವರು ಅವರ ವಯಸ್ಸಾದ ತಾಯಿ. "ಮುಹೂರ್ತ ಇನ್ನೊಂದು ಸಿಗ್ತದೆ ಕಣೋ. ಆ ಹಲಗೆ ಬಿಚ್ಚೋ ಹುಡುಗ್ರು ಅವರವ್ವಂಗೆ ಇನ್ನೊಬ್ರು ಸಿಗ್ತಾರಾ?" ಎಂದರು. ಮುಹೂರ್ತ ಮುಂದೆ ಹೋಯಿತು. ಸುರಕ್ಷತೆಯ ಬಗ್ಗೆ ಅದಕ್ಕಿಂತ ಒಳ್ಳೆಯ ಭಾಷಣ ನಾನು ಯಾವ ಸಭೆಯಲ್ಲೂ ಕೇಳಿಲ್ಲ.

ಹೊರದೇಶದ ಒಂದು ಉದಾಹರಣೆಯನ್ನೂ ಹೇಳಬೇಕು. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ 1933ರಿಂದ 1937ರವರೆಗೆ ಕಟ್ಟಲ್ಪಟ್ಟಿತು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಎಲ್ಲರೂ ಗಟ್ಟಿ ಟೋಪಿ ಧರಿಸಬೇಕೆಂದು ಕಡ್ಡಾಯ ಮಾಡಿದ್ದಲ್ಲದೆ, ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ. ಆ ಬಲೆಗೆ ಬಿದ್ದು ಬದುಕಿದವರು 19 ಮಂದಿ. ಅವರು ತಮ್ಮನ್ನು 'ನರಕದ ಅರ್ಧದಾರಿ ಸಂಘ'ದವರೆಂದು ತಮಾಷೆಯಾಗಿ ಕರೆದುಕೊಂಡರು. ಆದರೆ 1937ರ ಫೆಬ್ರವರಿ 17ರಂದು ಕೆಲಸಗಾರರು ನಿಂತಿದ್ದ ಭಾರಿ ಅಟ್ಟಣಿಗೆಯೇ ಕಳಚಿ ಬಿದ್ದು ಬಲೆಯನ್ನು ಹರಿದುಕೊಂಡು ಹೋಯಿತು. 10 ಮಂದಿ ಸತ್ತರು. ಬಲೆ ಬೇಕು, ಟೋಪಿಯೂ ಬೇಕು. ಆದರೆ ಅವು ಕೊನೆಯ ಆಸರೆ. ಕಾಲ ಕೆಳಗಿನ ಅಟ್ಟಣಿಗೆ ಭದ್ರವಾಗಿರುವುದೇ ಮೊದಲ ಆಸರೆ. ತಲೆಗೊಂದು ಹಳದಿ ಟೋಪಿ ಹಾಕಿಸಿ ಫೋಟೋ ತೆಗೆಸಿದ ಮಾತ್ರಕ್ಕೆ ಸುರಕ್ಷತೆ ಬರುವುದಿಲ್ಲ.

ಅಪಾಯ ಕೆಲಸಗಾರರಿಗೆ ಮಾತ್ರ ಎಂದು ತಿಳಿಯಬೇಡಿ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕುಸಿದ ಕಟ್ಟಡದ ಕೆಳಗಡೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ಕಟ್ಟುವ ಕೆಲಸ ಸಾಗಿತ್ತು. 19 ಜನ ಪ್ರಾಣ ಕಳೆದುಕೊಂಡರು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಹಂದರ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತರು. ಅವರು ಆ ಕೆಲಸಕ್ಕೆ ಸಂಬಂಧಪಟ್ಟವರೇ ಅಲ್ಲ, ದಾರಿಹೋಕರು.

ಇನ್ನು ನಮ್ಮ ಬಡಾವಣೆಗಳ ಕಟ್ಟಡಗಳ ಕಾವಲಿನ ವಿಷಯ. ರಾತ್ರಿ ಕಾಯಲು ಒಂದು ಬಡ ಸಂಸಾರವನ್ನು ತಗಡಿನ ಶೆಡ್ಡಿನಲ್ಲಿ ಇರಿಸುತ್ತಾರೆ. ಗಂಡ ಕಾವಲು, ಹೆಂಡತಿ ಗೋಡೆಗೆ ನೀರು ಹೊಡೆಯುವುದು, ಮಕ್ಕಳು ಮರಳಿನ ರಾಶಿಯಲ್ಲಿ ಆಟ. ಸಿಮೆಂಟಿನ ಕೋಣೆಗೆ ಬೀಗ ಇರುತ್ತದೆ, ಕಬ್ಬಿಣದ ಲೆಕ್ಕ ಇರುತ್ತದೆ, ನೀರು ತುಂಬಿದ ಸಂಪಿಗೆ ಮಾತ್ರ ಮುಚ್ಚಳ ಇರುವುದಿಲ್ಲ. ಕಾವಲು ಎಂದರೆ ಸಾಮಾನು ಹೊರಗೆ ಹೋಗದಂತೆ ನೋಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಮಕ್ಕಳು ಒಳಗೆ ಹೋಗದಂತೆ ನೋಡುವುದೂ ಕಾವಲೇ. ಒಂದು ಬೇಲಿ, ಸಂಪಿಗೆ ಒಂದು ಮುಚ್ಚಳ, ಲಿಫ್ಟಿನ ಗುಂಡಿಗೆ ಅಡ್ಡ ಹಲಗೆ, ರಾತ್ರಿ ಒಂದು ದೀಪ: ಇಷ್ಟಕ್ಕೆ ತಗಲುವ ಹಣ ಮನೆಯ ಮುಂಬಾಗಿಲಿನ ಕೆತ್ತನೆಗಿಂತ ಕಡಿಮೆ.

ಕಾನೂನು ಇಲ್ಲವೇ ಎಂದು ಕೇಳಬಹುದು. ಉಂಟು. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗೆಂದೇ ಒಂದು ಕಾಯ್ದೆ ತಂದಿತು. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು ಅದು ಹೇಳಿತು. ಆದರೆ ಹತ್ತಕ್ಕಿಂತ ಕಡಿಮೆ ಆಳುಗಳ ಕೆಲಸವನ್ನು, ಸ್ವಂತ ವಾಸಕ್ಕೆ ಹತ್ತು ಲಕ್ಷ ರೂಪಾಯಿಯೊಳಗೆ ಕಟ್ಟಿಸುವ ಮನೆಯನ್ನು ಹೊರಗಿಟ್ಟಿತ್ತು. ಈ ಕಾಯ್ದೆಯನ್ನೂ ಒಳಗೊಳ್ಳುವ ಹೊಸ ಸಂಹಿತೆಯನ್ನು 2020ರಲ್ಲಿ ಸಂಸತ್ತು ಅಂಗೀಕರಿಸಿತು. ನಮ್ಮ ರಾಜ್ಯದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, ನೋಂದಾಯಿತ ಕಾರ್ಮಿಕರ ಮಕ್ಕಳ ಓದಿಗೆ ಸಹಾಯಧನವೂ ಉಂಟು. ಆದರೆ ನಾಲ್ಕು ಆಳುಗಳು ಕಟ್ಟುವ ಪುಟ್ಟ ಮನೆಯ ಅಂಗಳಕ್ಕೆ ತಪಾಸಣೆಯ ಅಧಿಕಾರಿ ಬಂದದ್ದನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ. ಅಲ್ಲಿ ನೋಡುವ ಕಣ್ಣು ಮನೆ ಕಟ್ಟಿಸುವವನದೇ.

ಆದ್ದರಿಂದ ಮನೆ ಕಟ್ಟಿಸುತ್ತಿರುವ ತಂದೆತಾಯಿಯರಲ್ಲಿ ಒಂದು ಬಿನ್ನಹ. ಮೇಸ್ತ್ರಿಯೊಡನೆ ಚದರಕ್ಕೆ ಇಷ್ಟು ಎಂದು ಮಾತಾಡುವ ದಿನವೇ ಸಾರುವೆ, ಹಗ್ಗ, ಟೋಪಿ, ಬೂಟುಗಳ ಖರ್ಚನ್ನೂ ಬರೆದಿಡಿ. ಚೌಕಾಸಿಯಲ್ಲಿ ಮೊದಲು ಕಡಿತವಾಗುವುದು ಅದೇ. ಸಂಪು ತೋಡಿದ ದಿನವೇ ಅದರ ಮುಚ್ಚಳಕ್ಕೆ ಹೇಳಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ಕಂಬಿ ಎತ್ತುವ ಮೊದಲು ವಿದ್ಯುತ್ ಕಚೇರಿಗೆ ತಿಳಿಸಿ.

ಸಿವಿಲ್ ಎಂಜಿನಿಯರಿಂಗ್ ಓದಬೇಕೆಂದಿರುವ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ಕಾಲೇಜಿನಲ್ಲಿ ತೊಲೆಯ ಭಾರ, ಕಂಬದ ಬಲ ಎಲ್ಲವನ್ನೂ ಲೆಕ್ಕ ಹಾಕಲು ಕಲಿಸುತ್ತಾರೆ. ಮುಗಿದ ಕಟ್ಟಡ ನಿಲ್ಲುವುದು ಆ ಲೆಕ್ಕದ ಮೇಲೆ. ಮುಗಿಯುವವರೆಗೆ ಅದು ನಿಲ್ಲುವುದು ಸರ್ವೆ ಗಳ, ಹಗ್ಗ, ಹಲಗೆಗಳ ಮೇಲೆ, ಮತ್ತು 'ಇವತ್ತು ಬೇಡ' ಎಂದು ಹೇಳಬಲ್ಲ ಒಬ್ಬ ಮನುಷ್ಯನ ಮೇಲೆ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಆದರೂ ಕಲಿತುಕೊಳ್ಳಿ.