ಕಲ್ಲಿನಕೋಟೆಯವನು ಕಂಡ ಜಪಾನು

ಟೋಕಿಯೋ ನಗರದಲ್ಲಿ ನಿಶಿ ಕಸಾಯ್ ಎಂಬ ಬಡಾವಣೆ ಇದೆ. ಅಲ್ಲಿ ನಮ್ಮ ದೇಶದವರು ಬಹಳ ಮಂದಿ. ತೊಗರಿಬೇಳೆ, ಸಾಸಿವೆ ಎಲ್ಲ ಸಿಕ್ಕುತ್ತದೆ. ಮಗನ ಮನೆ ಅಲ್ಲೇ. ಚಿತ್ರದುರ್ಗದಿಂದ ಹೊತ್ತೊಯ್ದ ಬೇಳೆ ಕಂಡು ಸೊಸೆ ನಕ್ಕಳು. ರಾಗಿಹಿಟ್ಟನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟಳು.

ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಎಂದು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲೇ ವಯಸ್ಸು ಕಳೆದವನು ನಾನು. ಮೊದಲು ಕಣ್ಣಿಗೆ ಬಿದ್ದದ್ದು ದುಡ್ಡೇ. ಅಂಗಡಿಗಳಲ್ಲಿ ಹಣವನ್ನು ಕೈಗೆ ಕೊಡುವುದಿಲ್ಲ, ಪುಟ್ಟ ತಟ್ಟೆಯಲ್ಲಿಡಬೇಕು. 1 ಯೆನ್ ನಾಣ್ಯ ಅಲ್ಯೂಮಿನಿಯಂನದು, ತೂಕ ಸರಿಯಾಗಿ 1 ಗ್ರಾಂ. 5 ಮತ್ತು 50 ಯೆನ್ ನಾಣ್ಯಗಳ ನಡುವೆ ತೂತು! ನಮ್ಮಲ್ಲೂ 1943ರಿಂದ 1947ರವರೆಗೆ ತೂತಿನ ಕಾಸು ಬರುತ್ತಿತ್ತು. ಅಂಥವನ್ನು ದಾರಕ್ಕೆ ಪೋಣಿಸಿ ನಮ್ಮಜ್ಜಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಈಗಿನ ಮಕ್ಕಳು ನೋಡಿರಲಾರರು.

ಮೊಮ್ಮಗಳು ಎರಡನೇ ತರಗತಿ. ಬೆಳಿಗ್ಗೆ ನೆರೆಮನೆ ಮಕ್ಕಳ ಜೊತೆ ನಡೆದೇ ಶಾಲೆಗೆ ಹೋಗುತ್ತಾಳೆ, ದೊಡ್ಡವರು ಯಾರೂ ಜೊತೆಗಿರುವುದಿಲ್ಲ. ತರಗತಿಯ ಕಸ ಗುಡಿಸುವುದೂ ಮಕ್ಕಳೇ. ಸಂಜೆ ಬೀದಿಯ ಧ್ವನಿವರ್ಧಕದಲ್ಲಿ ಒಂದು ಹಾಡಿನ ರಾಗ ಬರುತ್ತದೆ, ಆಡುತ್ತಿರುವ ಮಕ್ಕಳು ಮನೆ ಸೇರಬೇಕು. "ಭೂಕಂಪ ಆದ್ರೆ ಅದರಲ್ಲೇ ಹೇಳ್ತಾರೆ ತಾತ" ಎಂದಳು. ನಾನು ನಕ್ಕು ಸುಮ್ಮನಾದೆ.

ದುರ್ಗದ ಬಂಡೆಗಳಿಗೆ 250 ಕೋಟಿ ವರ್ಷ ವಯಸ್ಸಂತೆ. ಅವುಗಳ ನಡುವೆ ಬೆಳೆದವನಿಗೆ ನೆಲ ಅಲುಗಾಡುತ್ತದೆಂದರೆ ನಂಬಿಕೆಯೇ ಬರುವುದಿಲ್ಲ. ಒಂದು ಭಾನುವಾರ ಇಡ್ಲಿ ತಿನ್ನುತ್ತಿದ್ದೆವು. ತಟ್ಟೆಯಲ್ಲಿನ ಸಾಂಬಾರು ತಾನೇ ತುಳುಕಿತು. ಮೇಲಿನ ದೀಪ ತೊಟ್ಟಿಲಿನಂತೆ ತೂಗತೊಡಗಿತು. ನನಗೆ ಏಳಲೂ ಕಾಲು ಬರಲಿಲ್ಲ. ಅಷ್ಟರಲ್ಲಿ ಮಗು ಅಜ್ಜಿಯ ಸೆರಗು ಹಿಡಿದೆಳೆದು, "ಮೇಜಿನ ಕೆಳಗೆ! ತಲೆ ಮೊದಲು, ಅಜ್ಜಿ!" ಎಂದು ಕೂಗಿತು. ಮಂಡಿನೋವಿನ ನನ್ನ ಹೆಂಡತಿ ತೆವಳಿದಳು. ಅವಳ ಹಿಂದೆ ನಾನು. ಅರ್ಧ ನಿಮಿಷವಿರಬಹುದು, ಎಲ್ಲ ನಿಂತಿತು.

ಟಿ.ವಿ.ಯಲ್ಲಿ ಆಗಲೇ ಅಂಕಿ ಬಂದಿತ್ತು. "ಮೂರು ಅಷ್ಟೇ. ಏಳರವರೆಗೂ ಇದೆ" ಎಂದು ಮಗು ಇಡ್ಲಿಗೆ ಮರಳಿತು. 1923ರ ಸೆಪ್ಟೆಂಬರ್ 1ರಂದು ಟೋಕಿಯೋ ಭೂಕಂಪದಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಸತ್ತರಂತೆ. ಪ್ರತಿವರ್ಷ ಆ ದಿನ ದೇಶದಲ್ಲೆಲ್ಲ ತಾಲೀಮು ನಡೆಯುತ್ತದೆ. ಶಾಲೆಯ ಕುರ್ಚಿಯ ಮೇಲೆ ಇವಳು ಕೂರುವ ಮೆತ್ತೆಯೇ ಬಿಚ್ಚಿದರೆ ತಲೆಗೆ ಕುಲಾವಿ!

ಸಂಜೆ ನಮ್ಮಿಬ್ಬರಿಗೂ ಅವಳೇ ತಾಲೀಮು ಮಾಡಿಸಿದಳು. ಎರಡನೆಯ ಸಲ ಹೆಂಡತಿ ನನಗಿಂತ ಮೊದಲೇ ಮೇಜಿನಡಿ ಸೇರಿದ್ದಳು.