ಮರಳಿ ಹುಟ್ಟು ಹಿಡಿದಾಗ

ಸಂಡೂರು ಸೀಮೆಯ ವಡ್ಡು ನಮ್ಮ ಊರು. ಅದಿರಿನ ಕೆಂಧೂಳಿ ಇಲ್ಲಿ ಬೇಕಾದಷ್ಟುಂಟು. ದೊಡ್ಡ ಹೊಳೆಯನ್ನು ಕಾಣಬೇಕಾದರೆ ಹಂಪೆಯ ಕಡೆಗೇ ಹೋಗಬೇಕು. ಹುಡುಗತನದಲ್ಲಿ ಆನೆಗೊಂದಿಯ ಸೋದರಮಾವನವರಲ್ಲಿದ್ದಾಗ ತುಂಗಭದ್ರೆಯಲ್ಲಿ ಹರಿಗೋಲು ನಡೆಸುವುದನ್ನು ಕಲಿತಿದ್ದೆವು. 25 ವರ್ಷ ಕೈಬಿಟ್ಟಿದ್ದ ಆ ವಿದ್ಯೆಯನ್ನು ಕಳೆದ ಮಾಘದಲ್ಲಿ ಪುನಃ ಪರೀಕ್ಷಿಸಿದೆವು.

ತೋರಣಗಲ್ಲಿನಲ್ಲಿ ರೈಲು ಹತ್ತಿ, ಹೊಸಪೇಟೆಯಲ್ಲಿಳಿದು, ಮಡದಿ ಮಗಳೊಡನೆ ಚಕ್ರತೀರ್ಥವನ್ನು ಸೇರಿದೆವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಈ ಬುಟ್ಟಿದೋಣಿಗಳನ್ನು ವರ್ಣಿಸಿರುವನು: ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನರು, ಬೇಕಾದರೆ ಕುದುರೆ ಎತ್ತುಗಳೂ ದಾಟಬಹುದೆಂದು. ಈಗ ಬಿದಿರಿನ ಹೆಣಿಗೆ; ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು.

ಮುದುಕರಾದ ಅಂಬಿಗರು ಹುಟ್ಟನ್ನು ನಮ್ಮ ಕೈಗಿತ್ತರು. ಮೊದಲ ಸೆಳೆತಕ್ಕೇ ಹರಿಗೋಲು ಬುಗುರಿಯಾಯಿತು! ಮಗಳು ನಕ್ಕಳು, ಮಡದಿಯ ಮುಖ ಬಿಳಿಚಿತು, ಬಂಡೆಯೊಂದು ಸಮೀಪಿಸಿತು. ಭಯದಿಂದ ಒಂದೇ ಪಕ್ಕದಲ್ಲಿ ಬಲ ಹಾಕುತ್ತಿದ್ದೆವು. ದುಂಡಾದ ಈ ದೋಣಿಗೆ ಮುಂದು ಹಿಂದೆಂಬುದಿಲ್ಲ. ಎದುರಿನ ನೀರನ್ನು ಎಡಬಲಕ್ಕೆ ಬದಲಿಸುತ್ತ ನಮ್ಮತ್ತ ಸೆಳೆದುಕೊಂಡರೆ ಮಾತ್ರ ನೆಟ್ಟಗೆ ಸಾಗುವುದು.

“ಅಂಜಬ್ಯಾಡ್ರಿ, ಯಜಮಾನ್ರೇ. ಕೈಗೆ ನೆನಪೈತಿ” ಎಂದರು ಅಂಬಿಗರು.

ಹಿಮದೇಶಗಳಲ್ಲಿ ನೀರ್ಗಲ್ಲಿನ ಮೇಲೆ ಜಾರಿ ಗಿರಕಿ ಹೊಡೆಯುವ ಆಟವನ್ನು ನಡುವಯಸ್ಸಿನಲ್ಲಿ ಮರಳಿ ಹಿಡಿದವರಿಗೂ ಇದೇ ಪಾಡಂತೆ: ಕಾಲು ಮರೆಯದುದನ್ನು ಅಂಜಿಕೆ ತಡೆಯುವುದಂತೆ. ಬಾಲ್ಯದಲ್ಲಿ ಬೀಳುವ ಚಿಂತೆ ಯಾರಿಗಿತ್ತು? ಉಸಿರನ್ನು ಸಡಿಲಿಸಿದೆವು. ಬಂಡೆ ಪಕ್ಕಕ್ಕೆ ಸರಿಯಿತು. ಹರಿಗೋಲು ದಡ ಮುಟ್ಟಿತು.

ಮರುದಿನ ವಡ್ಡುವಿನಲ್ಲಿ ತೋಳೆತ್ತಲಾಗಲಿಲ್ಲ. ಆದರೂ ಬರುವ ಮಾಘದಲ್ಲಿ ಹುಟ್ಟನ್ನು ಮಗಳ ಕೈಗೆ ಕೊಡುವುದೆಂದು ನಿಶ್ಚಯಿಸಿರುವೆವು. ಮಡದಿಯ ಒಪ್ಪಿಗೆಯೊಂದು ಬಾಕಿಯಿದೆ.