ಪಿಡಿಎಫ್ ಇದ್ರ ಕಳಸ್ರಿ

ಯಾವುದಾದರೂ ಪುಸ್ತಕ ಚೆನ್ನಾಗಿದೆ ಎಂದು ಬಾಯಿ ಬಿಟ್ಟರೆ ಸಾಕು, ಎದುರಿಗಿದ್ದವರಲ್ಲಿ ಒಬ್ಬರಾದರೂ ಕೇಳುತ್ತಾರೆ: ‘ಪಿಡಿಎಫ್ ಇದ್ರ ಕಳಸ್ರಿ.’ ಕಾಲೇಜಿನ ಹುಡುಗರು ಕೇಳುತ್ತಾರೆ, ಅವರಿಗೆ ಪಾಠ ಹೇಳುವ ಮೇಷ್ಟ್ರು ಕೇಳುತ್ತಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಬೀಗರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಕೇಳುತ್ತಾರೆ. ಬರೆದವರು ಬದುಕಿದ್ದಾರೆ, ಪುಸ್ತಕ ಅಂಗಡಿಯಲ್ಲಿದೆ, ಅದರ ಬೆಲೆ ಅವತ್ತಿನ ಊಟದ ಒಂದು ಎಲೆಯ ಖರ್ಚಿಗಿಂತ ಕಡಿಮೆ. ಆದರೂ ಪಿಡಿಎಫ್ಫೇ ಬೇಕು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಉರಿಯುವುದಕ್ಕೆ ಲೆಕ್ಕವೂ ಇದೆ. 200 ಪುಟದ ಹೊಸ ಕಾದಂಬರಿಗೆ ಈಗ ಸುಮಾರು 200ರಿಂದ 250 ರೂಪಾಯಿ. ಲೇಖಕರಿಗೆ ಶೇ 10ರಂತೆ ಗೌರವಧನ ಬಂದರೆ ಪ್ರತಿಯೊಂದಕ್ಕೆ 20–25 ರೂಪಾಯಿ. ಐನೂರು ಪ್ರತಿ ಅಚ್ಚಾಗಿ ಐನೂರೂ ಮಾರಾಟವಾದರೆ ಹತ್ತು-ಹನ್ನೆರಡು ಸಾವಿರ. ವರ್ಷಗಟ್ಟಲೆ ಕೂತು ಬರೆದದ್ದರ ಗಳಿಕೆ ಅಷ್ಟೇ. ಅದರ ಮೇಲೆ ಯಾರೋ ಒಬ್ಬ ಉತ್ಸಾಹಿ ಪುಟಪುಟದ ಫೋಟೊ ಹೊಡೆದು, ಒಟ್ಟು ಸೇರಿಸಿ, ‘ಸಾಹಿತ್ಯ ಸೇವೆ’ ಎಂದು ಹೆಸರಿಟ್ಟು ಊರಿಗೆಲ್ಲ ಹಂಚಿದರೆ ಆ ಅಷ್ಟಕ್ಕೂ ಕಲ್ಲು ಬೀಳುತ್ತದೆ. ಇದನ್ನು ಕಳವು ಎಂದೇ ಕರೆಯುತ್ತೇನೆ, ಮದುವೆಮನೆಯಲ್ಲಿಯೂ ಹಾಗೇ ಕರೆದಿದ್ದೇನೆ.

ಆದರೆ ಕೇಳುವವರೆಲ್ಲ ದುಡ್ಡು ಉಳಿಸಲೆಂದೇ ಕೇಳುತ್ತಾರೆಯೇ? ತಾಲ್ಲೂಕು ಊರಿನಲ್ಲಿ ಬಿ.ಎ. ಓದುವ ಹುಡುಗಿಯನ್ನು ತೆಗೆದುಕೊಳ್ಳಿ. ಬಸ್ ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಯಲ್ಲಿ ನೋಟುಬುಕ್ಕು, ಗೈಡು, ಪಿಎಸ್‌ಐ ಪರೀಕ್ಷೆಯ ಪ್ರಶ್ನೋತ್ತರ, ಪಂಚಾಂಗ ಸಿಗುತ್ತವೆ. ಕತೆ, ಕವಿತೆ ಬೇಕೆಂದರೆ ಧಾರವಾಡಕ್ಕೋ ಬೆಂಗಳೂರಿಗೋ ಫೋನು ಮಾಡಬೇಕು. ಅಲ್ಲಿಂದ ಬರುವ ಉತ್ತರ ಎರಡೇ: ‘ಅಂಚೆ ವೆಚ್ಚ ಬೇರೆ’ ಅಥವಾ ‘ಪ್ರತಿ ಮುಗಿದಿದೆ’. 120 ರೂಪಾಯಿಯ ಕವನ ಸಂಕಲನಕ್ಕೆ ಕೊರಿಯರಿನವರು 60–70 ರೂಪಾಯಿ ಕೇಳಿದರೆ ಅವಳು ಏನು ಮಾಡಬೇಕು? ಹಿಂದೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅದನ್ನು ಸದ್ದಿಲ್ಲದೆ ನಿಲ್ಲಿಸಿತು. ಪ್ರಕಾಶಕರೂ ಓದುಗರೂ ಕೂಗೆಬ್ಬಿಸಿದ ಮೇಲೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕ ಕಳಿಸುವವರು ಕೌಂಟರಿನಲ್ಲಿ ಇದರ ಹೆಸರು ಹೇಳಿ ಕೇಳಬೇಕು.

ನಮ್ಮ ಕಡೆ ಪುಸ್ತಕ ಓದುಗರ ಮನೆಗೆ ಬಂದದ್ದು ಯಾವಾಗಲೂ ಯಾರದೋ ಹೆಗಲ ಮೇಲೆ. ಹಾವೇರಿ ಸೀಮೆಯ ಗಳಗನಾಥರು (1869–1942) ಕಾದಂಬರಿ ಬರೆದರು, ಅಚ್ಚು ಹಾಕಿಸಿದರು, ಆಮೇಲೆ ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ತಾವೇ ಮಾರಿದರು. ಮುಂಬೈ ಪ್ರಾಂತದಲ್ಲಿ ಮರಾಠಿ ಮೆರೆಯುತ್ತಿದ್ದ ಕಾಲ, ಕನ್ನಡ ಓದುವವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು, ಹೋದರು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಹುಟ್ಟಿತು. ಓದುಗರು ಮೊದಲೇ ವಂತಿಗೆ ಕಟ್ಟುವುದು, ಗ್ರಂಥಮಾಲೆ ವರ್ಷದುದ್ದಕ್ಕೂ ಪುಸ್ತಕ ಕಳಿಸುವುದು. ಜಿ.ಬಿ. ಜೋಶಿಯವರು ಸುಭಾಷ್ ರಸ್ತೆಯ ಅಟ್ಟದ ಮೇಲೆ ಕೂತು ನಡೆಸಿದ ಈ ವ್ಯವಹಾರದಲ್ಲಿ ಬೆಲೆ ತಗ್ಗಿದ್ದು ಕಾಗದ ಅಗ್ಗವಾಗಿ ಅಲ್ಲ. ಇಂತಿಷ್ಟು ಜನ ಓದುತ್ತಾರೆಂದು ಅಚ್ಚಿಗೆ ಹೋಗುವ ಮೊದಲೇ ಗೊತ್ತಿರುತ್ತಿತ್ತು, ಅದಕ್ಕೆ ತಗ್ಗಿತು.

ಧಾರವಾಡ ಎಂದ ಕೂಡಲೇ ನನಗೆ ನೆನಪಾಗುವುದು ಮಾತ್ರ ಮಾಳಮಡ್ಡಿಯಲ್ಲಿದ್ದ ನಮ್ಮ ಚಿಗವ್ವನ ಪುಸ್ತಕಗಳು. ಅವು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ, ಅವಳೇ ಮಾಡಿದವು. ಮನೆಗೆ ‘ಸುಧಾ’, ‘ಕರ್ಮವೀರ’ ವಾರಕ್ಕೊಮ್ಮೆ, ‘ಕಸ್ತೂರಿ’ ತಿಂಗಳಿಗೊಮ್ಮೆ ಬರುತ್ತಿದ್ದವು. ಎಲ್ಲರೂ ಓದಿ ಮುಗಿಸುವ ತನಕ ಅವಳು ಕಾಯುವಳು. ಆಮೇಲೆ ಈಳಿಗೆಯ ತುದಿಯಿಂದ ಪಿನ್ನು ಎತ್ತಿ, ಧಾರಾವಾಹಿಯ ಪುಟಗಳನ್ನು ಬಿಡಿಸಿ, ಟ್ರಂಕಿನೊಳಗೆ ಹಾಸಿಗೆಯ ಚಾದರದ ಕೆಳಗೆ ಒತ್ತಿಡುವಳು. ‘ಕಸ್ತೂರಿ’ಯ ಕೊನೆಗೆ ಪ್ರತಿ ತಿಂಗಳೂ ಒಂದು ಪುಸ್ತಕದ ಸಂಗ್ರಹ ಇರುತ್ತಿತ್ತಲ್ಲ, ಅದನ್ನೂ ಬೇರೆ ತೆಗೆದಿಡುವಳು. ಕಾದಂಬರಿ ಮುಗಿಯುವುದಕ್ಕೆ ಆರೆಂಟು ತಿಂಗಳು. ಮುಗಿದ ವಾರ ನಮ್ಮ ಮನೆಯಲ್ಲಿ ಹಬ್ಬದ ತಯಾರಿ.

ಮೈದಾ ಅಂಟು ಕುದಿಸುವುದು, ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದು, ಆ ಪಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ನಾಗೊಂದಿಗೆಯ ಮೇಲಿಡುವುದು. ಪುಟಗಳ ಅಂಚನ್ನು ನೆಲಕ್ಕೆ ಕುಟ್ಟಿ ಸರಿ ಮಾಡಿ, ದಬ್ಬಣದಿಂದ ತೂತು ಕೊರೆದು, ಮೇಣ ಸವರಿದ ದಾರದಿಂದ ಹೊಲಿಯುವುದು. ಹೊದಿಕೆಗೆ ಸೀರೆ ಡಬ್ಬಿಯ ರಟ್ಟು, ಅದರ ಮೇಲೆ ಹೋದ ವರ್ಷದ ಕ್ಯಾಲೆಂಡರು. ಹಾಗಾಗಿ ಅವಳ ಕಪಾಟಿನ ಸಾಮಾಜಿಕ ಕಾದಂಬರಿಗಳ ಮೇಲೆಲ್ಲ ಲಕ್ಷ್ಮಿ, ಸರಸ್ವತಿ, ಉಳವಿ ಚೆನ್ನಬಸವಣ್ಣ. ಒಳಗೆ ನಾಯಕಿ ಮನೆ ಬಿಟ್ಟು ಹೊರಡುವ ಪುಟದ ಬೆನ್ನಿಗೆ ಹಾಗಲಕಾಯಿ ಪಲ್ಯ ಮಾಡುವ ಬಗೆ ಅರ್ಧ, ಇನ್ನೊಂದು ಕಡೆ ಧನು ರಾಶಿಯವರಿಗೆ ಅನಿರೀಕ್ಷಿತ ಧನಲಾಭ. ಪಲ್ಯದ ಉಳಿದರ್ಧ ಎಲ್ಲಿ ಎಂದು ಕೇಳಿದರೆ ಚಿಗವ್ವ, ‘ನೀ ಕತಿ ಓದ, ಪಲ್ಯಾ ನಾ ಮಾಡ್ತೀನಿ’ ಎನ್ನುತ್ತಿದ್ದಳು.

ಒಮ್ಮೆ ಗಣಪತಿ ಹಬ್ಬದ ವಾರದ ಸಂಚಿಕೆ ಬರಲೇ ಇಲ್ಲ. ಪೇಪರಿನವನನ್ನು ಕೇಳಿದ್ದಾಯಿತು, ಓಣಿಯಲ್ಲಿ ವಿಚಾರಿಸಿದ್ದಾಯಿತು. ಆ ಕಂತನ್ನು ಓದಿದ್ದ ಹಿಂದಿನ ಮನೆಯ ಟೀಚರಬಾಯಿಯನ್ನು ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡು, ಅವರು ಹೇಳಿದ್ದನ್ನು ಚಿಗವ್ವ ತನ್ನ ದುಂಡಕ್ಷರದಲ್ಲಿ ಎರಡು ಹಾಳೆ ಬರೆದು ಆ ಜಾಗದಲ್ಲಿ ಹೊಲಿದಳು. ಅಚ್ಚಾದ ಕಾದಂಬರಿಯನ್ನು ಎಷ್ಟೋ ವರ್ಷದ ಮೇಲೆ ಓದಿದೆ. ಆ ಅಧ್ಯಾಯ ಬಂದಾಗ ಟೀಚರಬಾಯಿ ಹೇಳಿದ್ದೇ ಹೆಚ್ಚು ಬಿಗಿಯಾಗಿತ್ತು ಎನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಈ ಪುಸ್ತಕಗಳು ಕಪಾಟಿನಲ್ಲಿ ನಿಲ್ಲುತ್ತಿರಲಿಲ್ಲ. ಓಣಿಯ ಹೆಂಗಸರು ಮಧ್ಯಾಹ್ನದ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬರುವರು. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ತ್ರಿವೇಣಿ, ಅನಕೃ, ತರಾಸು ದಿನಬಾಡಿಗೆಗೆ ಸಿಗುತ್ತಿದ್ದರು, ನಿಜ. ಆದರೆ ಆ ಬಾಡಿಗೆಯನ್ನೂ ಗಂಡನ ಹತ್ತಿರ ಕೇಳಿ ಪಡೆಯಬೇಕಾದವರಿದ್ದರು. ಅವರಿಗೆ ಚಿಗವ್ವನ ಕಪಾಟು. ಯಾರು ಯಾವುದನ್ನು ಒಯ್ದರು ಎಂಬುದಕ್ಕೆ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಒಂದು ಪಟ್ಟಿ. ಅವಳ ಕರಾರು ಒಂದೇ: ‘ಹಾಳಿ ಮಡಚಬ್ಯಾಡವಾ, ದಾರಾ ಇಟ್ಟೀನಿ, ಅದನ್ನ ಗುರ್ತಕ್ಕ ಹಾಕ್ಕೋ.’ ಓದಲು ಬಾರದ ಮುದುಕಿಯೊಬ್ಬಳು ಬಂದು ಸೊಸೆಗೆಂದು ಒಯ್ಯುತ್ತಿದ್ದಳು. ಸೊಸೆ ಓದುವುದು, ಅತ್ತೆ ಅವರೆಕಾಯಿ ಸುಲಿಯುತ್ತ ಕೇಳುವುದು. ಆ ಮನೆಯಲ್ಲಿ ಅತ್ತೆ-ಸೊಸೆಯ ನಡುವೆ ಮಾತು ನಡೆಯುತ್ತಿದ್ದದ್ದು ಕಾದಂಬರಿಯ ಜನರ ಬಗ್ಗೆ ಮಾತ್ರ ಎಂದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಸಂಚಿಕೆಯ ದುಡ್ಡಿನಲ್ಲಿ ಹತ್ತಿಪ್ಪತ್ತು ಮನೆ ಓದಿತು. ಆದರೂ ಅದು ಕಳವಲ್ಲ. ಪತ್ರಿಕೆ ಲೇಖಕರಿಗೆ ಸಂಭಾವನೆ ಕೊಟ್ಟಿತ್ತು, ಚಿಗವ್ವ ಪತ್ರಿಕೆಗೆ ದುಡ್ಡು ಕೊಟ್ಟಿದ್ದಳು, ಪುಸ್ತಕ ಒಂದೇ ಇತ್ತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಫೋನಿನಲ್ಲಿ ಹರಿದಾಡುವ ಪಿಡಿಎಫ್ಫಿಗೆ ಯಾರೂ ಯಾರಿಗೂ ಒಂದು ಪೈಸೆ ಕೊಟ್ಟಿರುವುದಿಲ್ಲ.

ಎಂಬತ್ತು ದಾಟಿದ ಚಿಗವ್ವ ಈಗ ಕನ್ನಡ ಕಾದಂಬರಿಗಳನ್ನು ಮೊಮ್ಮಗನ ಟ್ಯಾಬಿನಲ್ಲಿ ಓದುತ್ತಾಳೆ. ಕಣ್ಣಿನ ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಹಿಡಿಯುವುದಿಲ್ಲ, ಪರದೆಯ ಮೇಲಾದರೆ ಒಂದೊಂದು ಅಕ್ಷರವನ್ನೂ ಅವರೆಕಾಳಿನಷ್ಟು ದೊಡ್ಡದು ಮಾಡಿಕೊಳ್ಳಬಹುದು. ಮೈಲ್ಯಾಂಗ್‌ನಲ್ಲೋ ಗೂಗಲ್ ಪ್ಲೇ ಬುಕ್ಸ್‌ನಲ್ಲೋ ಮೊಮ್ಮಗ ಕೊಂಡು ಕೊಡುತ್ತಾನೆ. ಅಚ್ಚಿನ ಪುಸ್ತಕವನ್ನು ಅಷ್ಟು ಹಚ್ಚಿಕೊಂಡವಳಿಗೆ ಇದು ಒಗ್ಗಿದ್ದು ಹೇಗೆಂದು ಬಂದವರೆಲ್ಲ ಕೇಳುತ್ತಾರೆ. ಅವಳು ಉತ್ತರಿಸುವುದಿಲ್ಲ, ಓದುತ್ತಿರುತ್ತಾಳೆ. ಕಾಗದದ ವಾಸನೆಯ ಮೇಲೆ ಭಾಷಣ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಕಣ್ಣು ಮಂಜಾದವರ ಮುಂದೆ ಆ ಭಾಷಣ ಬೇಡ.

ಕವಿತೆಯನ್ನು ಮಾತ್ರ ಕಾಗದದ ಮೇಲೇ ಓದಬೇಕು, ಇದರಲ್ಲಿ ನನಗೆ ರಾಜಿಯಿಲ್ಲ. ನಮ್ಮ ಷಟ್ಪದಿಯಲ್ಲಿ ಪ್ರಾಸ ಕೂರುವುದು ಸಾಲಿನ ಎರಡನೇ ಅಕ್ಷರದಲ್ಲಿ. ಕುಮಾರವ್ಯಾಸನನ್ನು ಅಚ್ಚಿನಲ್ಲಿ ತೆರೆದರೆ ಆ ಅಕ್ಷರಗಳು ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ನಿಂತಿರುತ್ತವೆ, ಕಣ್ಣು ಕಿವಿಗಿಂತ ಮೊದಲೇ ಪ್ರಾಸವನ್ನು ಹಿಡಿಯುತ್ತದೆ. ಫೋನಿನಲ್ಲಿ ಸಾಲು ಮುರಿದು ಕೆಳಗಿಳಿದರೆ ಆ ಕಂಬ ಬಿದ್ದುಹೋಗುತ್ತದೆ. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತವನ್ನು 1950ರ ದಶಕದಲ್ಲಿ ಸರ್ಕಾರವೇ ಅಗ್ಗದ ಬೆಲೆಗೆ ಅಚ್ಚು ಹಾಕಿಸಿ ಮನೆಮನೆಗೆ ಮುಟ್ಟಿಸಿತಲ್ಲ, ಅಂಥ ಕೆಲಸ ಪ್ರತಿ ತಲೆಮಾರಿಗೂ ಆಗಬೇಕು. ನಿಘಂಟಿನ ವಿಷಯ ತಿರುವುಮುರುವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನು ಮಂಚದ ಮೇಲಿಟ್ಟುಕೊಂಡು ಹುಡುಕಲಾಗುವುದಿಲ್ಲ, ಅದು ಪರದೆಯ ಮೇಲಿರಲಿ.

ಪರದೆಗೆ ಬರುವುದು ನಮ್ಮ ಪುಸ್ತಕಗಳಿಗೆ ಸಲೀಸೂ ಆಗಲಿಲ್ಲ. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಬರಲಿಲ್ಲ. ಅವತ್ತು ಆದ ಬೇಸರ ನನಗೆ ಇನ್ನೂ ಹೋಗಿಲ್ಲ. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದೇ ಪುಸ್ತಕದ ಇ-ರೂಪಕ್ಕೆ 2018ರ ತನಕ ಶೇ 18 ಇತ್ತು, ಆಮೇಲೆ ಶೇ 5 ಆಯಿತು. ಅದನ್ನೂ ತೆಗೆಯಬೇಕು. ಇನ್ನು ನಮ್ಮ ಪ್ರೆಸ್ಸುಗಳಲ್ಲಿ ವರ್ಷಾನುಗಟ್ಟಲೆ ಪುಸ್ತಕ ಜೋಡಿಸಿದ್ದು ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ. ಆ ಕಡತವನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರ ಜಾರುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟುತ್ತದೆ. ಮತ್ತೊಮ್ಮೆ ಕೂತು ಕರಡು ತಿದ್ದಬೇಕು. ಪ್ರಕಾಶಕರು ಹಿಂದೇಟು ಹಾಕುವುದು ಇಲ್ಲೇ, ಆ ಶ್ರಮವನ್ನು ನಾನು ಹಗುರ ಮಾಡುವುದಿಲ್ಲ.

ಹಾಗೆಂದು ಬಿಟ್ಟರೆ ಏನಾಗುತ್ತದೆಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಬಹುದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಅಲ್ಲಿವೆ. ಮೊದಲ ಹಾಳೆಯಲ್ಲೇ ದಪ್ಪ ಇಂಗ್ಲಿಷ್ ಅಕ್ಷರದ ಎಚ್ಚರಿಕೆ: ಒಂದರಲ್ಲಿ ಬೈಂಡಿಂಗ್ ಬಿಗಿ, ಇನ್ನೊಂದರಲ್ಲಿ ಪುಟಗಳು ಕಾಣೆ, ಮತ್ತೊಂದು ಪುಸ್ತಕವೇ ಹಾಳು. ಆ ಸಾಲು ಕಂಡಾಗ ಎದೆ ಧಸಕ್ಕೆನ್ನುತ್ತದೆ. ಆದರೂ ಅವು ಇವೆ, ಬಿಟ್ಟಿಯಾಗಿ ಇವೆ, ಹಕ್ಕುಸ್ವಾಮ್ಯ ಮುಗಿದವು ನ್ಯಾಯವಾಗಿಯೂ ಇವೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಗಳಗನಾಥರು ಎಂದೋ ಎಲ್ಲರ ಸ್ವತ್ತಾದರು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳೂ 2024ರಿಂದ ಹಾಗೆಯೇ. ಅವನ್ನು ಯಾರು ಬೇಕಾದರೂ ತಪ್ಪಿಲ್ಲದೆ ಬೆರಳಚ್ಚು ಮಾಡಿ ಒಳ್ಳೆಯ ಇ-ಪುಸ್ತಕವಾಗಿ ಕೊಡಬಹುದು.

ಅಗ್ಗಕ್ಕೆ ಓದಬೇಕೆನ್ನುವವರಿಗೆ ದಾರಿಗಳು ಇವೆ. ನವೆಂಬರಿನಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪುಸ್ತಕಗಳನ್ನು ಅರ್ಧ ಬೆಲೆಗೆ ಕೊಡುತ್ತದೆ. ನಾವು ಕಟ್ಟುವ ಮನೆ ತೆರಿಗೆಯಲ್ಲಿ ಗ್ರಂಥಾಲಯ ಕರ ಸೇರಿದೆ, ಆದ್ದರಿಂದ ಊರಿನ ಗ್ರಂಥಾಲಯದಲ್ಲಿ ಇಂಥ ಪುಸ್ತಕ ತರಿಸಿ ಎಂದು ಕೇಳುವ ಹಕ್ಕು ನಮ್ಮದು.

ಎಲ್ಲಕ್ಕಿಂತ ಕೆಟ್ಟದ್ದು ನಡುವೆ ಸಿಕ್ಕಿಕೊಂಡ ಪುಸ್ತಕ. ಬರೆದವರು ಬದುಕಿದ್ದಾರೆ ಅಥವಾ ಈಚೆಗೆ ತೀರಿಕೊಂಡಿದ್ದಾರೆ, ಮೊದಲ ಮುದ್ರಣ ಹತ್ತು ವರ್ಷದ ಹಿಂದೆ ಮುಗಿದಿದೆ, ಎರಡನೆಯದು ಬರುವುದಿಲ್ಲ, ಇ-ಪುಸ್ತಕವೂ ಇಲ್ಲ. ದುಡ್ಡು ಹಿಡಿದು ನಿಂತವರಿಗೂ ಸಿಗುವುದಿಲ್ಲ. ಕಳವಿನ ಪಿಡಿಎಫ್ ಹುಟ್ಟುವುದೂ ಬೆಳೆಯುವುದೂ ಈ ಖಾಲಿ ಜಾಗದಲ್ಲಿ. ಲೇಖಕರೇ, ನಿಮ್ಮ ಹಳೆಯ ಒಪ್ಪಂದಪತ್ರವನ್ನು ಈ ಭಾನುವಾರ ಹೊರತೆಗೆದು ನೋಡಿ. ಹಕ್ಕು ಬಿಟ್ಟುಕೊಡುವಾಗ ಎಷ್ಟು ವರ್ಷಕ್ಕೆ ಎಂದು ಬರೆದಿರದಿದ್ದರೆ, ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಅದು ಐದು ವರ್ಷಕ್ಕೆ ಮಾತ್ರ. ಆ ಐದು ಮುಗಿದಿದ್ದರೆ ಪುಸ್ತಕ ನಿಮ್ಮದು. ಇ-ಪುಸ್ತಕ ಮಾಡಿ, ಬೆಲೆ ಇಡಿ, ನಾವು ಕೊಳ್ಳುತ್ತೇವೆ.